ಫೋರ್ ವೀಲ್ ಡ್ರೈವ್ ಬೇಕಾ, ಬೇಡವಾ? ನಾನು ಲೆಕ್ಕ ಹಾಕಿದ ರೀತಿ

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಕಡೆಯ ತೋಟಗಳಲ್ಲಿ ಬೋರ್ ಮೋಟಾರ್ ರಿಪೇರಿ ಮಾಡುವುದು ನನ್ನ ಕಸುಬು. ವರ್ಷವಿಡೀ ಹರಿಯುವ ನದಿ ನಮ್ಮ ಜಿಲ್ಲೆಯಲ್ಲಿಲ್ಲ. ಟೊಮೆಟೊ, ಹಿಪ್ಪುನೇರಳೆ, ಹಸುವಿನ ಮೇವು ಎಲ್ಲವೂ ಬೋರನ್ನೇ ನಂಬಿವೆ. ಸಾವಿರ ಅಡಿ ದಾಟಿದ ಬೋರು ಇಲ್ಲಿ ಮಾಮೂಲಿ. ಮೋಟಾರ್ ನಿಂತರೆ ರೈತರಿಗೆ ಕಾಯುವ ಸಮಯ ಇರುವುದಿಲ್ಲ. ಟೊಮೆಟೊ ಹೂ ಬಿಟ್ಟಿರುವಾಗ ಡ್ರಿಪ್ ನೀರು ತಪ್ಪಿದರೆ ಹೂವೆಲ್ಲ ಉದುರಿಹೋಗುತ್ತದೆ. ಹಾಗಾಗಿ ನನ್ನ ಗಾಡಿ ಬೋರಿನ ಪಕ್ಕದ ತನಕ ಹೋಗಲೇಬೇಕು. ಕೇಬಲ್, ಸ್ಟಾರ್ಟರ್, ಪೈಪು, ಸಾಮಾನಿನ ಪೆಟ್ಟಿಗೆ ಹೊತ್ತುಕೊಂಡೇ ಹೋಗಬೇಕು.

ಈಗ ನನ್ನ ಹತ್ತಿರ ಡಬಲ್ ಕ್ಯಾಬಿನ್‌ನ ಹಳೆಯ ಫೋರ್ ವೀಲ್ ಡ್ರೈವ್ ಪಿಕಪ್ ಇದೆ, ಅಂದರೆ ಎಂಜಿನ್ ಶಕ್ತಿಯನ್ನು ನಾಲ್ಕೂ ಚಕ್ರಕ್ಕೆ ಕೊಡಬಲ್ಲ ಗಾಡಿ. ಅದನ್ನು ನೋಡಿ ಶ್ರೀನಿವಾಸಪುರದ ಹತ್ತಿರ ಮಾವಿನ ತೋಟ ಮಾಡಿರುವ ನನ್ನ ತಮ್ಮ, 'ಅಣ್ಣಾ, ನಾನೂ ಅಂಥದ್ದೇ ಒಂದು ತಗೊಳ್ಳಲಾ?' ಅಂತ ಕೇಳಿದ. ನಾನು ಬೇಡ ಅಂದೆ. ಒಂದೇ ಮನೆಯಲ್ಲಿ ಎರಡು ಉತ್ತರ ಯಾಕೆ ಬಂತು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ತೋಟ, ಹೊಲ, ಬೆಟ್ಟದ ದಾರಿ ಇರುವ ಯಾರಿಗಾದರೂ ಇದು ಉಪಯೋಗಕ್ಕೆ ಬರಬಹುದು.

ಗಾಡಿ ತಗೊಳ್ಳುವ ಮೊದಲು ಒಂದು ಬೇಸಿಗೆ, ಒಂದು ಮಳೆಗಾಲ ಪೂರ್ತಿ ನಾನು ಒಂದು ಕೆಲಸ ಮಾಡಿದೆ. ರಿಪೇರಿ ಲೆಕ್ಕ ಬರೆಯುವ ಪುಸ್ತಕದಲ್ಲೇ, ಪ್ರತಿ ತೋಟದ ಎದುರಿಗೆ, ಹಿಂದಿನ ಎರಡೇ ಚಕ್ರಕ್ಕೆ ಶಕ್ತಿ ಹೋಗುವ ನನ್ನ ಹಳೆಯ ಟೂ ವೀಲ್ ಡ್ರೈವ್ ಪಿಕಪ್ ಎಲ್ಲಿ ನಿಂತಿತು, ಯಾಕೆ ನಿಂತಿತು ಎಂದು ಗುರುತು ಹಾಕಿದೆ. 'ಹೂತುಕೊಂಡಿತು' ಅಂತ ಬರೆದರೆ ಸಾಲದು. ಹೊಟ್ಟೆ ತಗಲಿತಾ, ಚಕ್ರ ಜಾರಿತಾ, ಮಣ್ಣಿನೊಳಗೆ ಇಳಿಯಿತಾ ಅನ್ನುವುದು ಮುಖ್ಯ. ಒಂದೊಂದಕ್ಕೂ ಮದ್ದು ಬೇರೆ.

ಆವಣಿ ಬೆಟ್ಟದ ಆಚೀಚೆ ಬಂಡೆ ನೆಲ. ಅಲ್ಲಿ ಚಕ್ರಕ್ಕೆ ಹಿಡಿತ ಚೆನ್ನಾಗಿಯೇ ಸಿಗುತ್ತದೆ, ಆದರೆ ಗಾಡಿಯ ಹೊಟ್ಟೆ ಕಲ್ಲಿಗೆ ತಗಲುತ್ತದೆ. ಮುಂದಿನ ಚಕ್ರಕ್ಕೂ ಎಳೆಯುವ ಶಕ್ತಿ ಕೊಟ್ಟರೆ ಈ ತೊಂದರೆ ಹೋಗುವುದಿಲ್ಲ. ನೆಲದಿಂದ ಎತ್ತರ ಇರುವ ಗಾಡಿ ಬೇಕು, ಅಷ್ಟೇ. ಮಾರುತಿ ಜಿಮ್ನಿ 210 ಮಿಲಿಮೀಟರ್ ಎತ್ತರದಲ್ಲಿದೆ, ಮಹೀಂದ್ರಾ ಥಾರ್ 226 ಮಿಲಿಮೀಟರ್. ಈ ಥಾರ್ 2023ರಿಂದ ಹಿಂದಿನ ಎರಡು ಚಕ್ರ ಮಾತ್ರ ಎಳೆಯುವ ಮಾದರಿಯಲ್ಲೂ ಸಿಗುತ್ತಿದೆ. ಕಲ್ಲು ದಾರಿಯೊಂದೇ ನಿಮ್ಮ ಸಮಸ್ಯೆಯಾದರೆ ಅಂಥ ಗಾಡಿ ಸಾಕು.

ಎರಡನೆಯದು ನಮ್ಮ ಕೆಮ್ಮಣ್ಣು. ಮಳೆ ಬಿದ್ದ ಮೇಲೆ ಮೇಲಿನ ಪದರ ಮಾತ್ರ ಎಣ್ಣೆ ಸವರಿದ ಹಾಗೆ ಜಾರುತ್ತದೆ, ಕೆಳಗೆ ನೆಲ ಗಟ್ಟಿ ಇರುತ್ತದೆ. ಇಲ್ಲಿ ಟೈರಿನದೇ ಆಟ. ಸವೆದ ರಸ್ತೆ ಟೈರಿನ ಗೀರುಗಳಲ್ಲಿ ಮಣ್ಣು ತುಂಬಿಕೊಂಡರೆ ಅದು ನುಣ್ಣಗಿನ ಟೈರೇ ಆಗಿಬಿಡುತ್ತದೆ. ಹಿಂದಿನ ಎರಡು ಚಕ್ರಕ್ಕೆ ಹೊಸ ಆಲ್ ಟೆರೈನ್ ಟೈರ್ (ಟಾರು, ಮಣ್ಣು ಎರಡಕ್ಕೂ ಆಗುವ ಟೈರು) ಹಾಕಿಸಿದ ಮೇಲೆ ನನ್ನ ಹಳೆಯ ಪಿಕಪ್ಪೇ ಇಂಥ ದಾರಿಗಳಲ್ಲಿ ಎಷ್ಟೋ ಕಡೆ ಹತ್ತಿಕೊಂಡು ಹೋಯಿತು. ಪಿಕಪ್ ಇಟ್ಟುಕೊಂಡವರಿಗೆ ಇನ್ನೊಂದು ವಿಷಯವೂ ಗೊತ್ತಿರುತ್ತದೆ. ಲೋಡ್ ಇದ್ದಾಗ ಹಿಂದಿನ ಚಕ್ರದ ಮೇಲೆ ಭಾರ ಬಿದ್ದು ಹಿಡಿತ ಸಿಗುತ್ತದೆ. ಸಾಮಾನು ಇಳಿಸಿ ಖಾಲಿ ಗಾಡಿಯಲ್ಲಿ ವಾಪಸ್ ಬರುವಾಗ, ಹೋಗುವಾಗ ಸಲೀಸಾಗಿ ಹತ್ತಿದ್ದ ಜಾಗದಲ್ಲೇ ಚಕ್ರ ಸುಮ್ನೆ ತಿರುಗುತ್ತಾ ನಿಲ್ಲುತ್ತದೆ.

ಮೂರನೆಯದು ಕೆರೆ ಅಂಚು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಸಂಸ್ಕರಿಸಿದ ನೀರು ಒಂದಾದ ಮೇಲೊಂದು ಕೆರೆ ತುಂಬುತ್ತಾ ಬಂದ ಹಾಗೆ, ಎಷ್ಟೋ ವರ್ಷದಿಂದ ಒಣಗಿದ್ದ ಕೆರೆಗಳ ಪಕ್ಕದ ಬಂಡಿ ದಾರಿಗಳು ಒದ್ದೆಯಾದವು. ಅಕ್ಕಪಕ್ಕದ ಬೋರುಗಳಲ್ಲಿ ನೀರು ಮೇಲೆ ಬಂತು, ಅದು ಸಂತೋಷದ ವಿಷಯ. ಆದರೆ ಹೂಳು ತುಂಬಿದ ಕಪ್ಪು ಅಂಟು ಮಣ್ಣಿಗೆ ಚಕ್ರ ಇಳಿದರೆ ಎರಡಾಗಲಿ ನಾಲ್ಕಾಗಲಿ ಎಲ್ಲವೂ ಇಳಿಯುತ್ತವೆ. ಅಂಥ ಕಡೆ ನಾನು ಗಾಡಿ ದೂರ ನಿಲ್ಲಿಸಿ ನಡೆದೇ ಹೋಗುತ್ತೇನೆ, ಈಗಲೂ.

ಪುಸ್ತಕ ತೆಗೆದು ನೋಡಿದಾಗ ಒಂದು ವಿಷಯ ಕಾಣಿಸಿತು. ನನ್ನ ಕೆಲಸ ಜಾಸ್ತಿ ಇರುವುದು ಬೇಸಿಗೆಯಲ್ಲಿ. ಕೆಸರು ಜಾಸ್ತಿ ಇರುವುದು ಆಗಸ್ಟ್‌ನಿಂದ ನವೆಂಬರ್ ತನಕ, ಆಗ ಬೋರು ಓಡಿಸುವುದೇ ಕಡಿಮೆ. ಇಷ್ಟನ್ನೇ ನೋಡಿದರೆ ಫೋರ್ ವೀಲ್ ಡ್ರೈವ್‌ಗೆ ಹಣ ಹಾಕುವುದು ದಂಡ ಅನ್ನಿಸುತ್ತದೆ, ಅಲ್ವಾ? ಆದರೆ ಬೇಸಿಗೆಯ ಪುಟಗಳಲ್ಲೂ ಗುರುತುಗಳಿದ್ದವು. ಬೋರು ಹೊಲದ ನಡುವೆ ಇರುತ್ತದೆ. ಸುತ್ತ ಈಗಷ್ಟೇ ರೋಟವೇಟರ್ ಹೊಡೆದ ಸಡಿಲ ಮಣ್ಣು. ಭಾರ ಹೊತ್ತ ಹಿಂದಿನ ಚಕ್ರ ಅದರಲ್ಲಿ ಗುಂಡಿ ತೋಡಿಕೊಂಡು ಕೂರುತ್ತದೆ. ಇದಲ್ಲದೆ, ನಮ್ಮನ್ನು ಕರೆಯುವುದೇ ಏನೋ ಕೆಟ್ಟಾಗ ತಾನೇ? ಗೇಟ್‌ವಾಲ್ ಸೋರುತ್ತಿರುತ್ತದೆ, ಪೈಪಿನ ಜಾಯಿಂಟ್ ಬಿಟ್ಟಿರುತ್ತದೆ. ಊರೆಲ್ಲ ಒಣಗಿದ್ದರೂ ಬೋರಿನ ಸುತ್ತ ಮಾತ್ರ ಕೆಸರು. ಗಾಡಿ ನಿಲ್ಲಬೇಕಾದ ಜಾಗವೂ ಅದೇ. ಈ ಎರಡು ಕಡೆಗಳಲ್ಲಿ ಎತ್ತರವಾಗಲಿ ಟೈರಾಗಲಿ ಅರ್ಧ ಮಾತ್ರ ಸಹಾಯ ಮಾಡುತ್ತವೆ. ಹಿಂದಿನ ಚಕ್ರ ತಳ್ಳುವಾಗ ಮುಂದಿನದೂ ಎಳೆಯಬೇಕು.

ಹೌದೋ ಅಲ್ಲವೋ ನೋಡೋಣ ಎಂದು ಮುಳಬಾಗಿಲಿನ ಗೆಳೆಯರ ಫೋರ್ ವೀಲ್ ಡ್ರೈವ್ ಜೀಪನ್ನು ಕೇಳಿ ತಂದು ಅದೇ ತೋಟಗಳಿಗೆ ಓಡಿಸಿದೆ. ಷೋರೂಮಿನವರು ತೋರಿಸುವ ಟೆಸ್ಟ್ ಡ್ರೈವ್‌ನಿಂದ ಏನೂ ಗೊತ್ತಾಗುವುದಿಲ್ಲ. ನಮ್ಮ ಗಾಡಿ ನಿಂತ ಜಾಗದಲ್ಲೇ, ನಮ್ಮ ಲೋಡ್ ಹಾಕಿಯೇ ನೋಡಬೇಕು. ರೋಟವೇಟರ್ ಹೊಡೆದ ಮಣ್ಣಿನಲ್ಲಿ ಲೋ ರೇಂಜ್ ಹಾಕಿ, ಆಕ್ಸಿಲರೇಟರ್ ಹೆಚ್ಚು ಒತ್ತದೆ ಬಿಟ್ಟರೆ ಜೀಪು ನಿಧಾನವಾಗಿ ತೆವಳಿಕೊಂಡು ಹೋಯಿತು. ಲೋ ರೇಂಜ್ ಹಾಕಿದಾಗ ಗಾಡಿಯ ವೇಗ ಎರಡರಿಂದ ಎರಡೂವರೆ ಪಟ್ಟು ಕಡಿಮೆಯಾಗಿ, ಎಳೆಯುವ ಬಲ ಅಷ್ಟೇ ಪಟ್ಟು ಹೆಚ್ಚುತ್ತದೆ. ಕ್ಲಚ್ ಸುಡುವುದಿಲ್ಲ. ನನಗೆ ಬಹಳ ಇಷ್ಟವಾದದ್ದು ಇದೇ. ಕ್ಲಚ್ ಪ್ಲೇಟ್ ಬದಲಾಯಿಸುವ ಖರ್ಚು ಎಷ್ಟು ಎಂದು ತೋಟದ ದಾರಿಯಲ್ಲಿ ಪಿಕಪ್ ಓಡಿಸುವವರಿಗೆ ಹೇಳಬೇಕಾಗಿಲ್ಲ.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುತ್ತದೆ ಅಂದರೆ ನಾಲ್ಕೂ ಯಾವಾಗಲೂ ಎಳೆಯುತ್ತವೆ ಅಂತಲ್ಲ. ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರಿನ ಜೋಡಣೆಗೆ ಡಿಫರೆನ್ಷಿಯಲ್ ಅನ್ನುತ್ತಾರೆ. ಸಾಮಾನ್ಯ ಡಿಫರೆನ್ಷಿಯಲ್ ಇರುವ ಗಾಡಿಯಲ್ಲಿ, ಒಂದು ಚಕ್ರ ಗಾಳಿಯಲ್ಲಿ ತಿರುಗತೊಡಗಿದರೆ ಅದರ ಜೋಡಿ ಚಕ್ರ ಸುಮ್ಮನಾಗುತ್ತದೆ. ಬದು ದಾಟುವಾಗ ಮುಂದಿನ ಎಡ ಚಕ್ರ, ಹಿಂದಿನ ಬಲ ಚಕ್ರ ಒಟ್ಟಿಗೆ ಮೇಲೆದ್ದರೆ ಫೋರ್ ವೀಲ್ ಡ್ರೈವ್ ಕೂಡ ನಿಂತುಬಿಡುತ್ತದೆ. ಹಿಂದಿನ ಆಕ್ಸಲ್‌ನಲ್ಲಿ ತಾನಾಗಿ ಲಾಕ್ ಆಗುವ ಡಿಫರೆನ್ಷಿಯಲ್ ಇದ್ದರೆ ಅಲ್ಲಿ ಪಾರಾಗಬಹುದು. ಅದು ಕೆಲವು ಟೂ ವೀಲ್ ಡ್ರೈವ್ ಗಾಡಿಗಳಲ್ಲೂ ಬರುತ್ತದೆ. ನನ್ನ ಪ್ರಕಾರ ವರ್ಷಕ್ಕೆ ಅಲ್ಲೊಮ್ಮೆ ಇಲ್ಲೊಮ್ಮೆ ಸಿಕ್ಕಿಕೊಳ್ಳುವವರಿಗೆ ಒಳ್ಳೆ ಟೈರು, ಆ ಲಾಕು, ಒಂದು ಗಟ್ಟಿ ಹಗ್ಗ ಇದ್ದರೆ ಬೇಕಾದಷ್ಟಾಯಿತು.

ಹಣದ ಲೆಕ್ಕಕ್ಕೆ ಬರೋಣ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿದೆ. ನಾಲ್ಕು ಮೀಟರ್ ಒಳಗಿನ ಕಾರಿಗೆ ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ ಎಂಜಿನ್ 1500 ಸಿಸಿ ದಾಟದಿದ್ದರೆ ಶೇ 18, ದಾಟಿದರೆ ಶೇ 40. 1.5 ಲೀಟರ್ ಡೀಸೆಲ್‌ನ ಟೂ ವೀಲ್ ಡ್ರೈವ್ ಥಾರ್ ಶೇ 18ರಲ್ಲಿ ಬರುತ್ತದೆ. ಫೋರ್ ವೀಲ್ ಡ್ರೈವ್ ಡೀಸೆಲ್ ಥಾರ್ 2.2 ಲೀಟರ್, ಜಿಮ್ನಿ 1.5 ಲೀಟರ್ ಪೆಟ್ರೋಲ್, ಎರಡೂ ಶೇ 40ಕ್ಕೆ ಹೋಗುತ್ತವೆ. ಆಮೇಲೆ ನಮ್ಮ ರಾಜ್ಯದ ಜೀವಿತಾವಧಿ ತೆರಿಗೆ. ವೈಟ್ ಬೋರ್ಡ್ ಕಾರಿಗೆ 5 ಲಕ್ಷದಿಂದ 10 ಲಕ್ಷದ ತನಕ ಶೇ 14, ಅದರ ಮೇಲೆ 20 ಲಕ್ಷದ ತನಕ ಶೇ 17. ಒಂಬತ್ತೂವರೆ ಲಕ್ಷದ ಗಾಡಿಗೆ 1.33 ಲಕ್ಷ, 12 ಲಕ್ಷದ ಗಾಡಿಗೆ 2.04 ಲಕ್ಷ. ಸೆಸ್ ಬೇರೆ. ಬೆಲೆಯ ವ್ಯತ್ಯಾಸದ ಜೊತೆಗೆ ತೆರಿಗೆಯ ವ್ಯತ್ಯಾಸವನ್ನೂ ಕೂಡಿಸಿ ನೋಡಬೇಕು.

ತಗೊಂಡ ಮೇಲೂ ಖರ್ಚಿದೆ. ಮುಂದೆ ಒಂದು ಡಿಫರೆನ್ಷಿಯಲ್, ನಡುವೆ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್, ಆ ಶಕ್ತಿಯನ್ನು ಮುಂದಿನ ಚಕ್ರಕ್ಕೆ ಒಯ್ಯಲು ಇನ್ನೊಂದು ಪ್ರೊಪೆಲ್ಲರ್ ಶಾಫ್ಟ್. ಇವುಗಳ ಭಾರವನ್ನು ಟಾರು ರಸ್ತೆಯಲ್ಲೂ ಹೊತ್ತು ತಿರುಗಬೇಕು, ಡೀಸೆಲ್ ಜಾಸ್ತಿ ಕುಡಿಯುತ್ತದೆ. ಆಯಿಲ್ ಬದಲಾಯಿಸುವ ಜಾಗಗಳೂ ಜಾಸ್ತಿ. ನಾಲ್ಕೂ ಟೈರು ಒಂದೇ ಅಳತೆ, ಹೆಚ್ಚುಕಮ್ಮಿ ಒಂದೇ ಸವೆತ ಇರಬೇಕು.

ಇನ್ನೊಂದು ಕಡೆ ಟ್ರ್ಯಾಕ್ಟರ್ ಇದೆ. ನಮ್ಮ ಊರುಗಳಲ್ಲಿ ಕೂಗಿದರೆ ಟ್ರ್ಯಾಕ್ಟರ್ ಸಿಗುತ್ತದೆ, ರೈತರು ಪ್ರೀತಿಯಿಂದ ಎಳೆದೂ ಕೊಡುತ್ತಾರೆ. ಆದರೆ ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬರುವ ಕಡೆ ಮೋಟಾರ್ ಓಡಿಸಿ ನೋಡುವುದೂ ರಾತ್ರಿಯೇ. ಆ ಹೊತ್ತಿನಲ್ಲಿ ಯಾರನ್ನು ಎಬ್ಬಿಸುವುದು? ಎಳೆಯುವಾಗ ಡ್ರಿಪ್ ಲ್ಯಾಟರಲ್ ಪೈಪು ಹರಿದರೆ ನಷ್ಟ ಅವರದು, ಸಂಕಟ ನನ್ನದು. ಒಂದು ಕಡೆ ಗಾಡಿ ಸಿಕ್ಕಿಕೊಂಡರೆ ಮುಂದಿನ ತೋಟದವರು ಕಾಯುತ್ತಾ ಕೂರುತ್ತಾರೆ, ಇಲ್ಲವೇ ಬೇರೆ ಮೆಕ್ಯಾನಿಕ್‌ನನ್ನು ಕರೆಯುತ್ತಾರೆ. ಹೀಗೆ ಕೈತಪ್ಪಿದ ಕೆಲಸಗಳನ್ನು ಪುಸ್ತಕದಲ್ಲಿ ಕೂಡಿಸಿ ನೋಡಿದಾಗ ನನಗೆ ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಡ್ರೈವ್ ಸರಿಹೋಯಿತು. ಹೊಸದಾಗಿದ್ದರೆ ಸರಿಹೋಗುತ್ತಿರಲಿಲ್ಲ.

ಹಳೆಯದು ತಗೊಳ್ಳುವಾಗ ಎಂಜಿನ್‌ಗಿಂತ ಮೊದಲು ಕೆಳಗೆ ಬಗ್ಗಿ ನೋಡಿದೆ. ಟ್ರಾನ್ಸ್‌ಫರ್ ಕೇಸ್, ಮುಂದಿನ ಡಿಫರೆನ್ಷಿಯಲ್ ಹತ್ತಿರ ಎಣ್ಣೆ ಸೋರಿಕೆ ಇದೆಯಾ, ಮುಂದಿನ ಚಕ್ರದ ಹತ್ತಿರದ ರಬ್ಬರ್ ಬೂಟುಗಳು ಹರಿದಿವೆಯಾ ಎಂದು ನೋಡಬೇಕು. ಬೂಟು ಹರಿದು ಮಣ್ಣು ಒಳಗೆ ಸೇರಿದ್ದರೆ ಜಾಯಿಂಟ್ ಹೋಗಿದೆ ಎಂದೇ ಲೆಕ್ಕ. ಆಮೇಲೆ ಗಾಡಿಯನ್ನು ಸಡಿಲ ಮಣ್ಣಿಗೆ ತಂದು ಫೋರ್ ವೀಲ್ ಹಾಕಿ, ಒಬ್ಬರನ್ನು ಹೊರಗೆ ನಿಲ್ಲಿಸಿ, ಮುಂದಿನ ಚಕ್ರವೂ ಮಣ್ಣು ಎರಚುತ್ತದಾ ಎಂದು ನೋಡಲು ಹೇಳಿದೆ. ಡ್ಯಾಶ್‌ಬೋರ್ಡಿನ ದೀಪ ಹತ್ತಿತು ಅಂದ ಮಾತ್ರಕ್ಕೆ ನಂಬಬಾರದು. ವರ್ಷಗಟ್ಟಲೆ ಫೋರ್ ವೀಲ್ ಹಾಕದೇ ಇದ್ದ ಗಾಡಿಗಳಲ್ಲಿ ಲಿವರ್ ಬಿಗಿಯಾಗಿ ಕೂತಿರುತ್ತದೆ. ಅದಕ್ಕೇ ನಾನು ಕೆಲಸ ಇಲ್ಲದಿದ್ದರೂ ಆಗಾಗ ಮಣ್ಣಿನ ದಾರಿಯಲ್ಲಿ ಸ್ವಲ್ಪ ದೂರ ಹಾಕಿ ಓಡಿಸುತ್ತೇನೆ.

ಟಾರು ರಸ್ತೆಗೆ ಬಂದ ಕೂಡಲೇ ಅದನ್ನು ತೆಗೆಯುತ್ತೇನೆ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಇಂಥ ಗಾಡಿಗಳಲ್ಲಿ ಆ ವ್ಯತ್ಯಾಸ ಸರಿಮಾಡುವ ಡಿಫರೆನ್ಷಿಯಲ್ ನಡುವೆ ಇರುವುದಿಲ್ಲ. ಮಣ್ಣಾದರೆ ಚಕ್ರ ಸ್ವಲ್ಪ ಜಾರಿ ಸರಿಮಾಡಿಕೊಳ್ಳುತ್ತದೆ. ಒಣ ಟಾರಿನ ಮೇಲೆ ಜಾರಲಾಗದೆ ಒಳಗಿನ ಗೇರುಗಳು ಬಿಗಿದುಕೊಂಡು ಸವೆಯುತ್ತವೆ. ಬ್ರೇಕಿಗೂ ಇದರಿಂದ ಲಾಭವಿಲ್ಲ. ಮಳೆಯಲ್ಲಿ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಗಾಡಿ ನಿಲ್ಲಿಸುವುದು ನಾಲ್ಕು ಬ್ರೇಕು, ನಾಲ್ಕು ಟೈರು. ಅವು ಎಲ್ಲ ಗಾಡಿಗಳಿಗೂ ಇವೆ.

ನೀರಿನ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. 2021ರ ನವೆಂಬರ್ ಮಳೆಗೆ ನಮ್ಮ ಕೆರೆಗಳು ಕೋಡಿ ಹರಿದು ರಸ್ತೆಗಳ ಮೇಲೆ ನೀರು ನುಗ್ಗಿದ್ದನ್ನು ನೋಡಿದ್ದೇನೆ. ಥಾರ್ 650 ಮಿಲಿಮೀಟರ್ ನೀರಿನಲ್ಲಿ ಹೋಗಬಲ್ಲದು ಎಂದು ಕಂಪನಿ ಹೇಳುವುದು ಎಂಜಿನ್‌ಗೆ ನೀರು ಹೋಗದ ಎತ್ತರ. ಹರಿಯುವ ನೀರು ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಟೈರು ನೆಲ ಬಿಟ್ಟರೆ ಎಷ್ಟು ಚಕ್ರ ಎಳೆದರೂ ಅಷ್ಟೇ. ಕೋಡಿ ಹರಿಯುತ್ತಿದ್ದರೆ ದಯವಿಟ್ಟು ದಾಟಬೇಡಿ. ಮೋಟಾರ್ ನಾಳೆ ರಿಪೇರಿ ಮಾಡಬಹುದು.

ಇನ್ನು ತಮ್ಮನ ವಿಷಯ. ಅವನದು ಒಂದೇ ತೋಟ, ಒಂದೇ ದಾರಿ. ಮಾವಿನ ಕೊಯ್ಲು ನಡೆಯುವುದು ಮೇ, ಜೂನ್, ಜುಲೈನಲ್ಲಿ. ಮಳೆ ಬಿದ್ದರೆ ಗಾಡಿ ನಿಲ್ಲುತ್ತಿದ್ದದ್ದು ಕಾಲುವೆ ದಾಟುವ ಒಂದೇ ತಗ್ಗಿನಲ್ಲಿ. ನನಗೆ ದಿನಕ್ಕೊಂದು ಊರು, ಎಲ್ಲವೂ ಬೇರೆಯವರ ದಾರಿ. ಅವುಗಳನ್ನು ನಾನು ಸರಿಮಾಡಿಸಲು ಆಗುವುದಿಲ್ಲ, ಗಾಡಿಯನ್ನೇ ಬದಲಾಯಿಸಬೇಕಾಯಿತು. ಅವನು ದಾರಿಯನ್ನೇ ಬದಲಾಯಿಸಬಹುದು. ಪಕ್ಕದ ತೋಟದವರ ಜೊತೆ ಕೂತು ಮಾತಾಡಿ ಆ ತಗ್ಗಿಗೆ ಸಿಮೆಂಟ್ ಪೈಪಿನ ಮೋರಿ ಹಾಕಿಸಿದ, ಮೇಲೆ ಗ್ರಾವೆಲ್ ಹೊಡೆಸಿ ಟ್ರ್ಯಾಕ್ಟರ್ ಓಡಿಸಿ ಗಟ್ಟಿ ಮಾಡಿಸಿದ. ನೀರು ನಿಲ್ಲದ ಹಾಗೆ ಎರಡೂ ಬದಿ ಚರಂಡಿ ತೆಗೆಸಿದ. ಅವನ ಹಳೆಯ ಟೂ ವೀಲ್ ಡ್ರೈವ್ ಪಿಕಪ್ಪೇ ಈಗ ತೋಟದೊಳಗೆ ಹೋಗುತ್ತದೆ. ಮಂಡಿಗೆ ಹಣ್ಣು ಒಯ್ಯುವ ವ್ಯಾಪಾರಿಗಳ ಟೆಂಪೋಗಳೂ ಮರದ ಬುಡದ ತನಕ ಬರುತ್ತವೆ. ಮೊದಲು ಕ್ರೇಟುಗಳನ್ನು ತಲೆ ಮೇಲೆ ಹೊತ್ತು ಕಾಲುವೆ ದಾಟಿಸಲು ಕೊಡುತ್ತಿದ್ದ ಕೂಲಿ ಉಳಿಯಿತು.