ಸೈಲೆನ್ಸರ್ ಬದಲಿಸಿದರೂ ಸದ್ದು ನಿಲ್ಲಲಿಲ್ಲ

ಗೋವಾದ ವಾಸ್ಕೋದಲ್ಲಿ ಕೆಟ್ಟು ನಿಂತ ಕಾರುಗಳನ್ನು ಎಳೆದು ತರಲು ನನ್ನ ಹತ್ತಿರ ಒಂದು ಹಳೆ ಡೀಸೆಲ್ ವ್ಯಾನ್ ಇದೆ. ವೆರ್ಣಾ ಏರು ಹತ್ತುವಾಗ ಹಿಂದೆ ಕಾರಿದ್ದರೆ ಸಾಕು, ಟ್ರ್ಯಾಕ್ಟರ್ ಹಾಗೆ ಸದ್ದು. ಒಳಗೆ ಹೊಗೆ, ತಲೆನೋವು ಬೇರೆ. (ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿಗೆ ವಾಸನೆಯೇ ಇಲ್ಲ. ಕಿಟಕಿ ತೆಗೆದಿದೆ ಅಂತ ಸುಮ್ನೆ ಇರಬೇಡಿ.)

ಉಪ್ಪುಗಾಳಿಗೆ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿತ್ತು. ಹೊಸದು ಹಾಕಿದೆ. ಸದ್ದು ಅರ್ಧ ಇಳಿಯಿತು, ಅಷ್ಟೇ. ಹೊಟ್ಟೆ ಉರಿಯಿತು.

ಹೊಗೆ ಬೇರೆಲ್ಲಿ ಸೋರುತ್ತಿದೆ ಅಂತ ನೋಡಲು, ಮರುದಿನ ಬೆಳಿಗ್ಗೆ ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿ, ಹಿಂದಿನ ಪೈಪಿನ ಬಾಯಿಗೆ ಒಂದೆರಡು ಕ್ಷಣ ಒದ್ದೆ ಬಟ್ಟೆ ಒತ್ತಲು ತಮ್ಮನಿಗೆ ಹೇಳಿದೆ. ಮುಂದುಗಡೆ ಟುಸ್ ಟುಸ್! ಮ್ಯಾನಿಫೋಲ್ಡಿಗೆ (ಎಂಜಿನ್ನಿನ ಹೊಗೆಯೆಲ್ಲ ಒಟ್ಟು ಸೇರುವ ಭಾಗ) ಪೈಪ್ ಸೇರುವ ಕಡೆ ಗ್ಯಾಸ್ಕೆಟ್ (ಸೋರದಂತೆ ನಡುವೆ ಇಡುವ ತೆಳು ಪಟ್ಟಿ) ಸುಟ್ಟು, ಸುತ್ತ ಕಾಡಿಗೆ ಬಳಿದ ಹಾಗೆ ಮಸಿ.

ನಟ್ಟುಗಳಿಗೆ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟೆ. ಎರಡು ಬಂದವು, ಮೂರನೆಯ ಸ್ಟಡ್ (ನಟ್ಟು ಕೂರುವ ಕಡ್ಡಿ) ಮುರಿಯಿತು. ಅದಕ್ಕೆ ವೆಲ್ಡಿಂಗ್‌ನವನೇ ಬೇಕಾಯ್ತು. ಗ್ಯಾಸ್ಕೆಟ್, ಮುಂದಿನ ಪೈಪ್, ಪೈಪ್ ತೂಗುಹಾಕುವ ರಬ್ಬರ್ ಹ್ಯಾಂಗರ್ ಎಲ್ಲಾ ಹೊಸದು. ಮೊದಲು ಸಡಿಲವಾಗಿ ಜೋಡಿಸಿ, ಪೈಪ್ ಎಲ್ಲೂ ತಾಗುತ್ತಿಲ್ಲ ಅಂತ ನೋಡಿ, ಆಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿ ಮಾಡಬೇಕು. ನಾನು ಅವಸರಕ್ಕೆ ಮೊದಲೇ ಬಿಗಿದೆ, ಹಿಂದಿನ ಪೈಪ್ ವ್ಯಾನಿನ ಅಡಿ ಚೌಕಟ್ಟಾದ ಚಾಸಿಗೆ ಬಡಿಯಿತು. ಮತ್ತೆ ಬಿಚ್ಚಿದೆ. ಒಂದು ಸುತ್ತು ಓಡಿಸಿ, ತಣ್ಣಗಾದ ಮೇಲೆ ಇನ್ನೊಮ್ಮೆ ಬಿಗಿದೆ.

ನಿನ್ನೆ ಅದೇ ಏರಿನಲ್ಲಿ ಕಾರು ಎಳೆದುಕೊಂಡು ಬಂದೆ. ರೇಡಿಯೋ ಕೇಳಿಸಿತು.