ಮದುವೆ, ಯಕ್ಷಗಾನ ಲೈವ್ ಮಾಡೋಕೆ ಕ್ಯಾಪ್ಚರ್ ಕಾರ್ಡ್ ಆರಿಸೋದು ಹೇಗೆ

ಮದುವೆ, ಉಪನಯನ, ಯಕ್ಷಗಾನ, ಈಗ ಎಲ್ಲದಕ್ಕೂ ಯೂಟ್ಯೂಬ್ ಲೈವ್ ಬೇಕು. ಕ್ಯಾಮೆರಾದ ಎಚ್‌ಡಿಎಂಐನ ಲ್ಯಾಪ್‌ಟಾಪಿಗೆ ತರೋಕೆ ಮಧ್ಯ ಒಂದು ಕ್ಯಾಪ್ಚರ್ ಕಾರ್ಡ್ ಹಾಕ್ಲೇಬೇಕು, ಆದ್ರೆ ಹುಡುಕೋಕೆ ಕೂತ್ರೆ ಎಲ್ಲದರ ಡಬ್ಬದ ಮೇಲೂ 4ಕೆ ಅಂತಾನೇ ಬರೆದಿರತ್ತೆ, ಒಂದು ಸಾವಿರ ರೂಪಾಯಿ ಒಳಗೇ ಸಿಗತ್ತೆ, ಇನ್ನೊಂದಕ್ಕೆ ಅದರ ಇಪ್ಪತ್ತು ಪಟ್ಟು ಹೇಳ್ತಾರೆ. ಯಾವುದು ತಗೋಬೇಕು ಅನ್ನೋಕೆ ಮುಂಚೆ ಒಂದು ವಿಷಯ ಗೊತ್ತಿರ್ಲಿ: ಈ ಕಾರ್ಡ್‌ಗಳಲ್ಲಿ ಹೆಚ್ಚಿನವು ಲೈವ್‌ಗೆ ಬೇಕಾದ ಎನ್‌ಕೋಡಿಂಗ್, ಅಂದ್ರೆ ವಿಡಿಯೋನ ಕುಗ್ಗಿಸೋ ಕೆಲಸ, ಮಾಡಲ್ಲ. ಕ್ಯಾಮೆರಾ ಕೊಟ್ಟ ಫ್ರೇಮ್‌ಗಳನ್ನ ಕಂಪ್ಯೂಟರ್ ಒಳಗೆ ತಂದು ಹಾಕೋದಷ್ಟೇ ಅವುಗಳ ಕೆಲಸ, ಅದನ್ನ ಎಚ್.264 ಅನ್ನೋ ಕುಗ್ಗಿಸಿದ ಫಾರ್ಮ್ಯಾಟ್ ಮಾಡಿ ಕಳಿಸೋದು ನಿಮ್ಮ ಪ್ರೊಸೆಸರ್ ಅಥವಾ ಗ್ರಾಫಿಕ್ಸ್ ಚಿಪ್. ಹಂಗಾಗಿ ಕೇಳ್ಬೇಕಾದ ಪ್ರಶ್ನೆ ಕಾರ್ಡ್ ಒಳಗೆ ಎಷ್ಟು ಹೋಗತ್ತೆ ಅಂತಲ್ಲ, ಕಾರ್ಡ್‌ನಿಂದ ಕಂಪ್ಯೂಟರ್‌ಗೆ ಏನು ಬರತ್ತೆ, ಯಾವ ಫಾರ್ಮ್ಯಾಟ್‌ನಲ್ಲಿ ಬರತ್ತೆ ಅಂತ.

ಒಂಚೂರು ಲೆಕ್ಕ ಹಾಕೋಣ. 1080ಪಿ ಅಂದ್ರೆ ಒಂದು ಫ್ರೇಮ್‌ಗೆ 1920 x 1080 ಪಿಕ್ಸೆಲ್. ಕಂಪ್ರೆಸ್ ಮಾಡದೇ ವೈಯುವೈ2 ಫಾರ್ಮ್ಯಾಟ್‌ನಲ್ಲಿ ಕಳಿಸಿದ್ರೆ ಪ್ರತಿ ಪಿಕ್ಸೆಲ್‌ಗೆ 2 ಬೈಟ್, ಸೆಕೆಂಡಿಗೆ 60 ಫ್ರೇಮ್ ಅಂದ್ರೆ ಹತ್ತಿರತ್ತಿರ 249 ಮೆಗಾಬೈಟ್ ಆಗತ್ತೆ. ಯುಎಸ್‌ಬಿ 2.0ದಲ್ಲಿ ನಿಜವಾಗ್ಲೂ ಹೋಗೋದು ಸೆಕೆಂಡಿಗೆ 35-40 ಮೆಗಾಬೈಟ್, ಅಷ್ಟೇ. ಹಂಗಾದ್ರೆ ಯುಎಸ್‌ಬಿ 2.0ರ ಆ ಅಗ್ಗದ ಡಾಂಗಲ್ (ಯುಎಸ್‌ಬಿಗೆ ಚುಚ್ಚೋ ಪುಟ್ಟ ಕಾರ್ಡ್) 1080ಪಿ ಹೆಂಗೆ ಕೊಡತ್ತೆ? ಪ್ರತಿ ಫ್ರೇಮನ್ನೂ ಜೆಪೆಗ್ ಫೋಟೋ ಮಾಡಿ ಕಳಿಸತ್ತೆ, ಅದೇ ಎಂಜೆಪೆಗ್. ಅದನ್ನ ನಿಮ್ಮ ಲ್ಯಾಪ್‌ಟಾಪ್ ಮೊದಲು ಬಿಚ್ಚಬೇಕು, ಆಮೇಲೆ ಮತ್ತೆ ಎಚ್.264 ಮಾಡ್ಬೇಕು, ಅಂದ್ರೆ ಒಂದೇ ಚಿತ್ರ ಎರಡು ಸಲ ಕಂಪ್ರೆಸ್ ಆಗತ್ತೆ, ಪ್ರೊಸೆಸರ್‌ಗೂ ಹೆಚ್ಚು ಕೆಲಸ. ಭಾಷಣ, ಪಾಠ, ಒಂದೇ ಕಡೆ ಕೂತು ಮಾತಾಡೋ ಕಾರ್ಯಕ್ರಮಕ್ಕೆ ಇದು ಸಾಕು. ಯಕ್ಷಗಾನದ ವೇಷ ರಂಗದ ಮೇಲೆ ಗಿರಕಿ ಹೊಡೀವಾಗ, ಕೆಂಪು ಬಟ್ಟೆ, ಕಿರೀಟದ ಮಿಂಚು ಎಲ್ಲ ಒಟ್ಟಿಗೆ ಅಲ್ಲಾಡುವಾಗ ಅಂಚುಗಳಲ್ಲಿ ಚೌಕ ಚೌಕ ಕಾಣ್ಸತ್ತೆ. ಆ ಕಲೆಗೆ ಅಷ್ಟು ಬಣ್ಣ ಬಳಿದು ಬಂದವರನ್ನ ಹಂಗೆ ತೋರಿಸೋದು ನಂಗಂತೂ ಸರಿ ಕಾಣಲ್ಲ.

ಸಾವಿರದೊಳಗಿನ ಡಾಂಗಲ್‌ಗಳಲ್ಲಿ ಬಹಳಷ್ಟರಲ್ಲಿ ಇರೋದು ಎಂಎಸ್2109 ಅನ್ನೋ ಚಿಪ್. ಒಳಗೆ 4ಕೆ 30 ತಗೊಳ್ಳತ್ತೆ, ಹೊರಗೆ ಕೊಡೋದು 1080ಪಿ 30, ಅದೂ ಎಂಜೆಪೆಗ್. ಅದರಲ್ಲೇ 1080ಪಿ ವೈಯುವೈ2 ಕೇಳಿದ್ರೆ ಸೆಕೆಂಡಿಗೆ 5 ಫ್ರೇಮ್. ಇಂಥವುಗಳಲ್ಲಿ ಕೆಲವಕ್ಕೆ ನೀಲಿ ಪ್ಲಾಸ್ಟಿಕ್ ಹಾಕಿ ಯುಎಸ್‌ಬಿ 3.0 ಅಂತ ಮಾರ್ತಾರೆ, ಬಣ್ಣ ನೋಡಿ ನಂಬಬೇಡಿ. ಲಿನಕ್ಸ್ ಇದ್ರೆ lsusb -t ಅನ್ನೋ ಕಮಾಂಡ್ ಹಾಕಿ, 480ಎಂ ಅಂತ ತೋರಿಸಿದ್ರೆ ಅದು 2.0, 5000ಎಂ ಅಂದ್ರೆ ನಿಜವಾದ 3.0. ವಿಂಡೋಸ್‌ನಲ್ಲಾದ್ರೆ ಓಬಿಎಸ್ ಅನ್ನೋ ಲೈವ್ ಸಾಫ್ಟ್‌ವೇರ್‌ನಲ್ಲಿ ಡಿವೈಸ್ ಸೇರಿಸಿ, ರೆಸಲ್ಯೂಷನ್ ಕಸ್ಟಮ್ ಮಾಡಿ, 1080ಪಿ 60ಕ್ಕೆ ವೈಯುವೈ2 ಅಥವಾ ಎನ್‌ವಿ12 (ಇದೂ ಕಂಪ್ರೆಸ್ ಮಾಡದ್ದೇ) ಬರತ್ತಾ ನೋಡಿ, ಬರೀ ಎಂಜೆಪೆಗ್ ತೋರಿಸಿದ್ರೆ ಏನಂತ ಗೊತ್ತಾಯ್ತಲ್ಲ. ಎಂಎಸ್2130 ಚಿಪ್‌ನ ಡಾಂಗಲ್‌ಗಳು ನಿಜವಾದ 3.0, ಕಡಿಮೆ ದುಡ್ಡಲ್ಲಿ ಶುರು ಮಾಡೋರು ಕನಿಷ್ಠ ಅದಕ್ಕೆ ಹೋಗಿ.

ಇನ್ನೂ ಸ್ವಲ್ಪ ದುಡ್ಡು ಹಾಕೋಕಾಗತ್ತೆ ಅಂದ್ರೆ ಎಲ್ಗಾಟೊ, ಎವರ್‌ಮೀಡಿಯಾ, ದಿನಾ ಇದೇ ದುಡಿಮೆ ಅನ್ನೋರಿಗೆ ಮೇಜ್‌ವೆಲ್. ಮೇಜ್‌ವೆಲ್ ದುಬಾರಿ, ಆದ್ರೆ ಯುಎಸ್‌ಬಿ ಮಾಡೆಲ್‌ಗಳಿಗೆ ಡ್ರೈವರ್ ಬೇಡ, ಸೈಜ್ ಬದಲಿಸೋದು, ಡಿಇಂಟರ್‌ಲೇಸ್ (ಗೆರೆ ಬಿಟ್ಟು ಗೆರೆ ಬರೋ ಚಿತ್ರಾನ ಪೂರ್ತಿ ಫ್ರೇಮ್ ಮಾಡೋದು) ಎಲ್ಲ ಕಾರ್ಡ್ ಒಳಗೇ ಆಗತ್ತೆ. ಇದು ನಮ್ಮಲ್ಲಿ ಮುಖ್ಯ, ಯಾಕಂದ್ರೆ ಹಳೇ ಕ್ಯಾಮ್‌ಕಾರ್ಡರ್‌ಗಳು ಇನ್ನೂ ಹಂಗೆ ಗೆರೆ ಬಿಟ್ಟು ಗೆರೆ ಬರೋ 1080ಐ 50 ಕೊಡ್ತವೆ, ಡಿಇಂಟರ್‌ಲೇಸ್ ಮಾಡದೇ ಹಾಕಿದ್ರೆ ಕೈ ಅಲ್ಲಾಡಿದಲ್ಲೆಲ್ಲ ಬಾಚಣಿಗೆ ಹಲ್ಲಿನಂಥ ಗೆರೆ ಬರತ್ತೆ. ಓಬಿಎಸ್‌ನಲ್ಲೂ ಡಿಇಂಟರ್‌ಲೇಸ್ ಆಪ್ಷನ್ ಇದೆ, ಸೋರ್ಸ್ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಸಿಗತ್ತೆ. ಇನ್ನೊಂದು, ಕ್ಯಾಮೆರಾ 25 ಅಥವಾ 50ರಲ್ಲಿದ್ರೆ ಓಬಿಎಸ್‌ನೂ 25 ಅಥವಾ 50ಕ್ಕೇ ಇಡಿ, 30 ಇಟ್ರೆ ಕ್ಯಾಮೆರಾ ಪ್ಯಾನ್ ಮಾಡುವಾಗ ಜರ್ಕ್ ಹೊಡಿಯತ್ತೆ.

ಡೆಸ್ಕ್‌ಟಾಪ್ ಇಟ್ಟುಕೊಂಡು ಮಾಡೋರಿಗೆ ಕಂಪ್ಯೂಟರ್ ಒಳಗೇ ಕೂರೋ ಪಿಸಿಐಇ ಕಾರ್ಡ್ ಒಳ್ಳೇದು, ವೈರ್ ಕಳಚೋ ಭಯ ಇಲ್ಲ. ಬ್ಲ್ಯಾಕ್‌ಮ್ಯಾಜಿಕ್ ಡೆಕ್‌ಲಿಂಕ್ ಮಿನಿ ರೆಕಾರ್ಡರ್ ಸೆಕೆಂಡ್‌ಹ್ಯಾಂಡ್ ಸಿಕ್ರೆ ಹುಷಾರು, ಹಳೇ ಮಾಡೆಲ್ 1080ಪಿ 30ರವರೆಗೆ ಮಾತ್ರ, 60 ಬೇಕಂದ್ರೆ 4ಕೆ ಅಂತ ಇರೋ ಮಾಡೆಲ್ ನೋಡಿ. ಇದರಲ್ಲಿ ಎಸ್‌ಡಿಐ (ದೊಡ್ಡ ಕ್ಯಾಮೆರಾಗಳಲ್ಲಿರೋ ವಿಡಿಯೋ ಕನೆಕ್ಷನ್) ಕೂಡ ಇರೋದು ದೊಡ್ಡ ಅನುಕೂಲ. ರಂಗಸ್ಥಳದಿಂದ ಕಂಪ್ಯೂಟರ್ ದೂರ ಇದ್ರೆ ಮಾಮೂಲಿ ಎಚ್‌ಡಿಎಂಐ ಕೇಬಲ್ 15 ಮೀಟರ್ ದಾಟಿದ್ರೆ ನಂಬೋ ಹಾಗಿಲ್ಲ, ಎಸ್‌ಡಿಐ ಆದ್ರೆ ಒಳ್ಳೇ ಕೋಆಕ್ಸ್ ಕೇಬಲ್‌ನಲ್ಲಿ 50 ಮೀಟರ್ ಆರಾಮಾಗಿ ಹೋಗತ್ತೆ.

ಎರಡು ಕ್ಯಾಮೆರಾ ಹಾಕೋರು ಎರಡು ಕಾರ್ಡನ್ನೂ ಒಂದೇ ಯುಎಸ್‌ಬಿ ಹಬ್‌ಗೆ ಚುಚ್ಚಬೇಡಿ, ಮೇಲಿನ ಲೆಕ್ಕದ ಪ್ರಕಾರ ಎರಡಕ್ಕೆ 500 ಮೆಗಾಬೈಟ್ ಬೇಕು, 5 ಗಿಗಾಬಿಟ್ ಪೋರ್ಟ್‌ನಲ್ಲಿ ನಿಜಕ್ಕೂ ಸಿಗೋದು 400ರ ಆಸುಪಾಸು. ಬೇರೆ ಬೇರೆ ಪೋರ್ಟ್ ಹಾಕಿದ್ರೂ ಒಳಗೆ ಕಂಟ್ರೋಲರ್ ಒಂದೇ ಇರಬಹುದು, ಹಾಗಿದ್ರೆ ಒಂದನ್ನ 30ಕ್ಕೆ ಇಳಿಸಿ.

ಎನ್‌ಕೋಡರ್ ವಿಷಯಕ್ಕೆ ಬಂದ್ರೆ ಲ್ಯಾಪ್‌ಟಾಪ್‌ನಲ್ಲಿ ಎಕ್ಸ್264 (ಪ್ರೊಸೆಸರ್‌ನಿಂದಲೇ ಎಚ್.264 ಮಾಡಿಸೋದು) ಬಿಟ್ಬಿಡಿ, ಅದಕ್ಕಂತಾನೇ ಚಿಪ್ ಒಳಗಿರೋ ಎನ್‌ಕೋಡರ್ ಬಳಸಿ, ಮಂಟಪದ ಸೆಖೆಯಲ್ಲಿ ಪ್ರೊಸೆಸರ್ ಬಿಸಿಯಾಗಿ ಸ್ಪೀಡ್ ತಾನೇ ಇಳಿಸ್ಕೊಳ್ಳತ್ತೆ. ಇಂಟೆಲ್ ಕ್ವಿಕ್ ಸಿಂಕ್ 2011ರಿಂದ ಇದೆ, ಎನ್ವಿಡಿಯಾದ ಎನ್‌ವೆಂಕ್ 2012ರಿಂದ, ಎನ್‌ವೆಂಕ್ ಕ್ವಾಲಿಟಿ 2018ರ ಟ್ಯೂರಿಂಗ್ ಚಿಪ್‌ಗಳಿಂದ ಚೆನ್ನಾಗಿ ಸುಧಾರಿಸಿದೆ. ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರ್ ಹೆಸರಿನ ಕೊನೇಲಿ ಎಫ್ ಇದ್ರೆ ಕ್ವಿಕ್ ಸಿಂಕ್ ಇರಲ್ಲ. ಓಬಿಎಸ್‌ನಲ್ಲಿ ಕೀಫ್ರೇಮ್ (ನಡುನಡುವೆ ಬರೋ ಪೂರ್ತಿ ಚಿತ್ರ) 2 ಸೆಕೆಂಡಿಗೆ ಇಡಿ.

ಆಡಿಯೋನ ಸಾಧ್ಯ ಆದ್ರೆ ಕಾರ್ಡ್ ಮೂಲಕ ತಗೋಬೇಡಿ, ಎಂಎಸ್2109 ತನ್ನನ್ನ 96 ಕಿಲೋಹರ್ಟ್ಸ್ ಮೊನೊ ಅಂತ ತಪ್ಪು ಹೇಳ್ಕೊಳ್ಳತ್ತೆ. ಮಿಕ್ಸರ್‌ನಿಂದ ನೇರ ಲೈನ್ ತಗೊಳ್ಳಿ, ಮೈಕ್ ಮುಂದೆ ಚಪ್ಪಾಳೆ ಹೊಡೆದು ಓಬಿಎಸ್‌ನಲ್ಲಿ ಸಿಂಕ್ ಆಫ್‌ಸೆಟ್ (ಧ್ವನಿನ ಚಿತ್ರಕ್ಕೆ ತಕ್ಕಂತೆ ತಡ ಮಾಡೋದು) ಹೊಂದಿಸಿ, ಇಲ್ಲಾಂದ್ರೆ ಚೆಂಡೆ ಪೆಟ್ಟು ಮೊದಲು ಕೇಳ್ಸತ್ತೆ, ಕೋಲು ಆಮೇಲೆ ಬೀಳತ್ತೆ. ಕ್ಯಾಮೆರಾದಲ್ಲಿ ಬ್ಯಾಟರಿ ಚಿಹ್ನೆ, ಫೋಕಸ್ ಚೌಕ ಇಲ್ಲದ ಕ್ಲೀನ್ ಎಚ್‌ಡಿಎಂಐ ಬರತ್ತಾ ಅಂತಾನೂ ಕಾರ್ಡ್ ಕೊಳ್ಳೋ ಮುಂಚೆ ಟಿವಿಗೆ ಹಾಕಿ ನೋಡ್ಕೊಳ್ಳಿ.

ಕಾರ್ಡ್ ಬಂದ ದಿನವೇ ಚಾರ್ಜರ್ ಹಾಕಿ, ಎರಡು ಗಂಟೆ ಬಿಡದೆ ರೆಕಾರ್ಡ್ ಮಾಡಿ, ಓಬಿಎಸ್‌ನ ಸ್ಟ್ಯಾಟ್ಸ್ ವಿಂಡೋ ತೆರೆದಿಟ್ಟುಕೊಳ್ಳಿ. ಎನ್‌ಕೋಡಿಂಗ್ ಲ್ಯಾಗ್ ಏರ್ತಿದ್ರೆ ತೊಂದರೆ ಎನ್‌ಕೋಡರ್‌ದು, ರೆಂಡರಿಂಗ್ ಲ್ಯಾಗ್ ಆದ್ರೆ ಗ್ರಾಫಿಕ್ಸ್‌ದು, ಎರಡೂ ಸೊನ್ನೆ ಇದ್ದು ಚಿತ್ರ ಮಾತ್ರ ನಿಂತು ನಿಂತು ಹೋಗ್ತಿದ್ರೆ ಕೇಬಲ್, ಪೋರ್ಟ್ ಬದಲಿಸಿ ನೋಡಿ, ಆಗ್ಲೂ ಹಂಗೇ ಆದ್ರೆ ರಿಟರ್ನ್ ಅವಧಿ ಮುಗಿಯೋದ್ರೊಳಗೆ ವಾಪಸ್ ಕಳಿಸಿ.