ಕಪಾಟಿನ ಅಳತೆಯ ಆಕಾಶ: ರಾಕೆಟ್ ಆಟಿಕೆ, ಮಾಡೆಲ್ ಕೂಡಿಡುವುದು ಹೇಗೆ?

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಟಿವಿಯ ಪಕ್ಕ ಒಂದು ಗಾಜಿನ ಕಪಾಟಿದೆ. ಅಗಲ ಮೂರಡಿ. ಒಂದು ಹಲಗೆಗೂ ಇನ್ನೊಂದಕ್ಕೂ ನಡುವೆ 35 ಸೆಂಟಿಮೀಟರ್. ತಗಡಿನ ರಾಕೆಟ್, ಪ್ಲಾಸ್ಟಿಕ್ ಸ್ಪೇಸ್ ಶಟಲ್, ಕಾಗದದ ಆರ್ಯಭಟ ಉಪಗ್ರಹ, ಮಂಗಳನ ಮೇಲೆ ಓಡಿದ ಗಾಡಿಯ ಪುಟ್ಟ ರೂಪ, ಎಲ್ಲವೂ ಅದರೊಳಗೇ ಇವೆ. ಮನೆಗೆ ಬಂದವರು ನೋಡಿ, ‘ನಮ್ಮ ಹುಡುಗನಿಗೂ ಇದರ ಹುಚ್ಚು, ಎಲ್ಲಿಂದ ಶುರು ಮಾಡೋದು?’ ಎಂದು ಕೇಳುತ್ತಾರೆ. ನಾನು ಯಾವ ಅಂಗಡಿಯ ಹೆಸರನ್ನೂ ಹೇಳುವುದಿಲ್ಲ. ಮೊದಲು ಟೇಪ್ ತಂದು ಕಪಾಟು ಅಳೆಯಿರಿ ಎನ್ನುತ್ತೇನೆ.

ಮುಂಬಯಿ ಮನೆಗಳು ಗೊತ್ತಲ್ವಾ? ಹಾಸಿಗೆ ಮಡಚಿದರೆ ಹಾಲ್, ಬಿಡಿಸಿದರೆ ಬೆಡ್‌ರೂಮ್. ಜಾಗ ನೋಡದೆ ಕೊಂಡ ಮಾಡೆಲ್ ಕೊನೆಗೆ ಅಟ್ಟ ಸೇರುತ್ತದೆ. ಅಟ್ಟ ಸೇರಿದ್ದನ್ನು ಯಾರೂ ನೋಡುವುದಿಲ್ಲ.

ಮೊದಲು ಲೆಕ್ಕ

ಬಿಡಿ ತುಂಡು ಜೋಡಿಸಿ ಮಾಡೆಲ್ ಮಾಡುವ ಕಿಟ್‌ನ ಡಬ್ಬದ ಮೇಲೆ 1/144, 1/72, 1/48 ಎಂದು ಬರೆದಿರುತ್ತದೆ. ಅದು ಸ್ಕೇಲ್. 1/144 ಅಂದರೆ ನಿಜವಾದ ವಸ್ತು ಮಾಡೆಲ್‌ಗಿಂತ 144 ಪಟ್ಟು ದೊಡ್ಡದು ಎಂದು ಅರ್ಥ. ಲೆಕ್ಕ ಸುಲಭ. ನಿಜವಾದ ಎತ್ತರವನ್ನು ಸೆಂಟಿಮೀಟರ್‌ಗೆ ತಂದು ಆ ಸಂಖ್ಯೆಯಿಂದ ಭಾಗಿಸಿ.

ಚಂದ್ರನತ್ತ ಮನುಷ್ಯರನ್ನು ಒಯ್ದ ಸ್ಯಾಟರ್ನ್ 5 ರಾಕೆಟ್‌ನ ಎತ್ತರ ಸುಮಾರು 111 ಮೀಟರ್. 1/144ರಲ್ಲಿ ಅದು 77 ಸೆಂಟಿಮೀಟರ್. ನನ್ನ ಕಪಾಟಿನ ಒಂದು ಹಲಗೆ ತೆಗೆದರೂ ಸಾಲದು. ಲೆಗೊ 2017ರಲ್ಲಿ ತಂದ ಸ್ಯಾಟರ್ನ್ 5 ಇನ್ನೂ ದೊಡ್ಡದು, ಒಂದು ಮೀಟರ್ ಎತ್ತರ. ಅದರಲ್ಲಿ 1969 ತುಂಡುಗಳಿವೆ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷವೂ ಅದೇ. ನಮ್ಮ ಪಿಎಸ್‌ಎಲ್‌ವಿ 44 ಮೀಟರ್. 1/144ರಲ್ಲಿ 31 ಸೆಂಟಿಮೀಟರ್, ನನ್ನ ಹಲಗೆಯ ಮೇಲೆ ಸರಿಯಾಗಿ ಕೂರುತ್ತದೆ. ಚಂದ್ರಯಾನ-3 ಹೊತ್ತ ಎಲ್‌ವಿಎಂ3 ಕೂಡ ಹೆಚ್ಚುಕಡಿಮೆ ಅಷ್ಟೇ. ಅಮೆರಿಕದ ಶಟಲ್ ವಿಮಾನದ ಉದ್ದ 37 ಮೀಟರ್, ಅಂದರೆ 26 ಸೆಂಟಿಮೀಟರ್.

ನನ್ನ ಅನುಭವದಲ್ಲಿ ಒಂದೇ ಸ್ಕೇಲ್‌ಗೆ ಅಂಟಿಕೊಳ್ಳುವುದು ಒಳ್ಳೆಯದು. ಪಿಎಸ್‌ಎಲ್‌ವಿ ಪಕ್ಕದಲ್ಲಿ ಅದೇ ಸ್ಕೇಲ್‌ನ ಶಟಲ್ ಇಟ್ಟಾಗ ಮಾತ್ರ ಯಾವುದು ಎಷ್ಟು ದೊಡ್ಡದು ಎನ್ನುವುದು ಕಣ್ಣಿಗೆ ಕಾಣುತ್ತದೆ. ಪುಸ್ತಕದಲ್ಲಿ ಎಷ್ಟು ಸಲ ಓದಿದರೂ ಆ ಅಂದಾಜು ಸಿಗುವುದಿಲ್ಲ.

ಒಂದು ಎಳೆ ಹಿಡಿಯಿರಿ

ಬಾಹ್ಯಾಕಾಶದ ಹೆಸರಿನಲ್ಲಿ ಸಿಕ್ಕಿದ್ದನ್ನೆಲ್ಲ ಕೊಂಡರೆ ಮುಗಿಯುವುದೇ ಇಲ್ಲ. ಒಂದೇ ವಿಷಯ ಆರಿಸಿಕೊಳ್ಳಿ. ಚಂದ್ರನ ಮೇಲೆ ಇಳಿದವು ಮಾತ್ರ. ಅಥವಾ ಚಕ್ರ ಇರುವ ಗಾಡಿಗಳು ಮಾತ್ರ. 1997ರಲ್ಲಿ ನಾಸಾದ ಸೋಜರ್ನರ್ ಗಾಡಿ ಮಂಗಳನ ಮೇಲೆ ಇಳಿದಾಗ ಆಟಿಕೆ ಕಾರುಗಳ ಹಾಟ್ ವೀಲ್ಸ್ ಅದೇ ವರ್ಷ ಅದರ ಪುಟ್ಟ ಮಾಡೆಲ್ ತಂದಿತ್ತು. 2012ರಲ್ಲಿ ಇನ್ನೊಂದು ಮಂಗಳ ಗಾಡಿ ಕ್ಯೂರಿಯಾಸಿಟಿಯದ್ದೂ ಬಂತು. ಇಂಥವು ಅಂಗೈಯಷ್ಟು ಜಾಗ ಬೇಡುತ್ತವೆ, ಅಷ್ಟೆ. ಬೋರ್ಡ್ ಗೇಮ್ ಇಷ್ಟವಾದರೆ 2016ರ ಟೆರಾಫಾರ್ಮಿಂಗ್ ಮಾರ್ಸ್‌ನಂಥವು ಇವೆ. ಹಳೆಯ ಬೋರ್ಡ್ ಗೇಮ್ ಕೊಳ್ಳುವಾಗ ನಿಯಮದ ಪುಸ್ತಕದಲ್ಲಿರುವ ಪಟ್ಟಿ ಹಿಡಿದು ಕಾರ್ಡು, ಕಾಯಿ ಎಣಿಸಿ. ಹತ್ತು ಕಾರ್ಡು ಕಳೆದಿದ್ದರೂ ಆಟ ಕೆಡುತ್ತದೆ.

ನನ್ನ ಎಳೆ ಭಾರತದ್ದು. ಅದಕ್ಕೆ ಕಾರಣ ಅಪ್ಪ. ಫೋರ್ಟ್‌ನ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಅವರ ಕೆಲಸ. ಕೈಗೆ ಬಂದ 2 ರೂಪಾಯಿ ನೋಟುಗಳಲ್ಲಿ ಹಿಂಬದಿಗೆ ಆರ್ಯಭಟ ಉಪಗ್ರಹದ ಚಿತ್ರ ಇದ್ದವನ್ನು ಆರಿಸಿ, ಗರಿಗರಿಯಾದ್ದೊಂದನ್ನು ಮನೆಗೆ ತರುತ್ತಿದ್ದರು. ‘ಇದನ್ನು ಮಾಡಿದ ರಾಯರು ನಮ್ಮ ಅದಮಾರಿನವರು ಮಗಾ’ ಎನ್ನುತ್ತಿದ್ದರು. ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ತಯಾರಾಯಿತು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಮೇಲೆ ಹಾರಿತು. ನನ್ನ ಸಂಗ್ರಹದ ಮೊದಲ ವಸ್ತು ಆ ನೋಟು.

ದುಡ್ಡಿಲ್ಲದೆಯೂ ಶುರು ಮಾಡಬಹುದು. ಆರ್ಯಭಟಕ್ಕೆ 26 ಮುಖ, ಅಡ್ಡಳತೆ ಸುಮಾರು 1.4 ಮೀಟರ್. 1/20ರಲ್ಲಿ ಮಾಡಿದರೆ 7 ಸೆಂಟಿಮೀಟರಿನ ಚೆಂಡು. ದಪ್ಪ ಡ್ರಾಯಿಂಗ್ ಹಾಳೆ, ಕತ್ತರಿ, ಫೆವಿಕಾಲ್ ಸಾಕು. ಮೇಲಿನ ಮತ್ತು ಕೆಳಗಿನ ಮುಖ ಬಿಟ್ಟು ಉಳಿದವಕ್ಕೆ ಕಡುನೀಲಿ ಬಣ್ಣ ಬಳಿಯಿರಿ, ಅವು ಸೌರಕೋಶಗಳು. ನಾಸಾ ಕೂಡ ತನ್ನ ನೌಕೆಗಳ ಕಾಗದದ ಮಾಡೆಲ್‌ಗಳನ್ನು ಪುಕ್ಕಟೆ ಕೊಡುತ್ತದೆ. ಇಳಿಸಿಕೊಂಡು ಜೆರಾಕ್ಸ್ ಅಂಗಡಿಯಲ್ಲಿ ದಪ್ಪ ಹಾಳೆಯ ಮೇಲೆ ಪ್ರಿಂಟ್ ತೆಗೆಸಿ. ಹತ್ತು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯ ಮೊದಲ ಕಿಟ್ ಇಲ್ಲ ಎಂದೇ ನನ್ನ ಅನಿಸಿಕೆ.

ಎಲ್ಲಿ ಹುಡುಕುವುದು?

ಹೊಸ ಆಟಿಕೆಗೆ ಕ್ರಾಫರ್ಡ್ ಮಾರ್ಕೆಟ್ ಮತ್ತು ಪಕ್ಕದ ಅಬ್ದುಲ್ ರೆಹಮಾನ್ ಸ್ಟ್ರೀಟ್. ಸಿಎಸ್‌ಎಂಟಿ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಹೋಲ್‌ಸೇಲ್ ಜಾಗ. ಗದ್ದಲ ಜಾಸ್ತಿ, ಬೆಲೆ ಕಮ್ಮಿ. 2021ರ ಜನವರಿಯಿಂದ ಇಲ್ಲಿ ಮಾರುವ ಹೊಸ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಮಕ್ಕಳ ಕೈಗೆ ಕೊಡುವುದಾದರೆ ಅದನ್ನು ನೋಡಿಯೇ ಕೊಳ್ಳಿ. ಇಸ್ರೊ ರಾಕೆಟ್‌ಗಳ ಮಾಡೆಲ್ ಬೇಕಿದ್ದರೆ ಇಸ್ರೊದ ಒಪ್ಪಿಗೆ ಪಡೆದ ಮಾರಾಟಗಾರರನ್ನೇ ಹುಡುಕಿ. ಆಕಾರ, ಅಳತೆ ಸರಿಯಾಗಿರುತ್ತದೆ.

ಪ್ಲಾಸ್ಟಿಕ್ ಕಿಟ್‌ಗಳಲ್ಲಿ ರೆವೆಲ್, ಏರ್‌ಫಿಕ್ಸ್ ಹಳೆಯ ಹೆಸರುಗಳು. ಹೊರದೇಶದಿಂದ ತರಿಸುವ ಮುನ್ನ ಸುಂಕ ಲೆಕ್ಕ ಹಾಕಿ. ಆಟಿಕೆಗಳ ಮೂಲ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಅಲ್ಲಿ ಅಗ್ಗ ಕಂಡದ್ದು ಡೊಂಬಿವಲಿ ಮುಟ್ಟುವ ಹೊತ್ತಿಗೆ ಅಗ್ಗ ಉಳಿದಿರುವುದಿಲ್ಲ.

ಹಳೆಯದಕ್ಕೆ ಚೋರ್ ಬಜಾರ್‌ನ ಮಟನ್ ಸ್ಟ್ರೀಟ್. ಗ್ರಾಂಟ್ ರೋಡ್‌ನಲ್ಲಿ ಇಳಿಯಿರಿ. ಶುಕ್ರವಾರ ಹಳೇ ಸಾಮಾನಿನ ಅಂಗಡಿಗಳು ಮುಚ್ಚಿರುತ್ತವೆ, ಬೀದಿಯಲ್ಲಿ ಜುಮ್ಮಾ ಬಜಾರ್ ಹರಡಿರುತ್ತದೆ. ನೆಲದ ಮೇಲೆ ಹಾಸಿದ ಸಾಮಾನಿನಲ್ಲಿ ಕೈಯಾಡಿಸುವವರಿಗೆ ಅದೇ ಒಳ್ಳೆಯ ದಿನ. ಬೆಳಿಗ್ಗೆ ಬೇಗ ಹೋಗಿ, ಜೇಬಿನಲ್ಲಿ ಟಾರ್ಚ್ ಇರಲಿ. ಫೌಂಟನ್ ಮತ್ತು ಮಾಟುಂಗಾದ ಕಿಂಗ್ಸ್ ಸರ್ಕಲ್‌ನ ಹಳೆ ಪುಸ್ತಕದವರ ಹತ್ತಿರವೂ ಒಮ್ಮೆ ಕೇಳಿ ನೋಡಿ.

ಹಳೆಯದು ಎಂದರೆ ಎಷ್ಟು ಹಳೆಯದು?

ಇಲ್ಲಿಯೇ ಎಲ್ಲರೂ ಏಮಾರುವುದು. ನಾನೂ ಏಮಾರಿದ್ದೇನೆ. ‘ಅರವತ್ತರ ದಶಕದ ಜಪಾನ್ ಮಾಲು’ ಎಂದು ಒಂದು ಅಂಗಡಿಯಲ್ಲಿ ಕೊಟ್ಟ ತಗಡಿನ ರೋಬೋವನ್ನು ನಂಬಿ ತಂದೆ. ಮನೆಗೆ ಬಂದು ಡಬ್ಬ ತಿರುಗಿಸಿದರೆ ಮೂಲೆಯಲ್ಲಿ ಬಾರ್‌ಕೋಡ್. ಅಂಗಡಿಗಳಲ್ಲಿ ಬಾರ್‌ಕೋಡ್ ಬಳಕೆಗೆ ಬಂದದ್ದೇ 1974ರಲ್ಲಿ, ಅದೂ ಅಮೆರಿಕದಲ್ಲಿ. ಬೇಸರವಾಯಿತು. ಆದರೆ ಅಂದಿನಿಂದ ಡಬ್ಬ ಓದುವುದು ಕಲಿತೆ.

1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿದ ಮೇಲೆ ರಾಕೆಟ್ ಆಟಿಕೆಗಳ ಸುಗ್ಗಿಯೇ ಬಂತು. ಆ ಕಾಲದ ಜಪಾನಿನ ಆಟಿಕೆಗಳು ಬಣ್ಣ ಮುದ್ರಿಸಿದ ತೆಳ್ಳನೆ ತಗಡಿನವು. ಎರಡು ತಗಡನ್ನು ಕೂಡಿಸಲು ಒಂದರ ಪುಟ್ಟ ನಾಲಿಗೆಯನ್ನು ಇನ್ನೊಂದರ ಸೀಳಿಗೆ ತೂರಿಸಿ ಮಡಚಿರುತ್ತಾರೆ. ಆ ನಾಲಿಗೆಗಳನ್ನು ಟಾರ್ಚ್ ಹಾಕಿ ನೋಡಿ. ಮತ್ತೆ ಮತ್ತೆ ಮಡಚಿದ ಗುರುತಿದ್ದರೆ ಯಾರೋ ಬಿಚ್ಚಿ ರಿಪೇರಿ ಮಾಡಿದ್ದಾರೆ. ಇಡೀ ಮೈ ಒಂದೇ ಸಮ ತುಕ್ಕು ಹಿಡಿದಿದ್ದರೂ ಅನುಮಾನಪಡಿ. ನಿಜವಾಗಿ ಆಡಿದ ಆಟಿಕೆ ಅಂಚು, ಚಕ್ರ, ಕೀಲಿಯ ಸುತ್ತ ಸವೆದಿರುತ್ತದೆ. ಮಗು ಹಿಡಿದ ಕಡೆ ಸವೆಯುತ್ತದೆ, ಮುಟ್ಟದ ಕಡೆ ಬಣ್ಣ ಉಳಿಯುತ್ತದೆ.

ನಮ್ಮೂರಿನಲ್ಲೇ ಮಾಡಿದ್ದಾದರೆ ವಿಳಾಸ ಓದಿ. ‘ಬಾಂಬೆ 2’, ‘ಬಾಂಬೆ 8’ ಎಂದು ಒಂದೆರಡು ಅಂಕೆ ಇದ್ದರೆ ಬಹುಶಃ 1972ಕ್ಕಿಂತ ಮೊದಲಿನದು. ಆರು ಅಂಕೆಯ ಪಿನ್‌ಕೋಡ್ ಬಂದದ್ದು ಆ ವರ್ಷ ಆಗಸ್ಟ್ 15ಕ್ಕೆ. ಇಂಗ್ಲಿಷ್‌ನಲ್ಲಿ ಬಾಂಬೆ ಹೋಗಿ ಮುಂಬೈ ಬಂದಿದ್ದರೆ 1995ರ ನಂತರದ್ದು. ಹಳೆ ಡಬ್ಬದ ದಾಸ್ತಾನು ಮುಗಿಯುವ ತನಕ ಹಳೆ ವಿಳಾಸವೇ ನಡೆದಿರಬಹುದು. ಹಾಗಾಗಿ ಒಂದೇ ಗುರುತು ನಂಬಬೇಡಿ, ಎರಡು ಮೂರು ಕೂಡಿಸಿ ನೋಡಿ.

ಇನ್ನೊಂದು ಮಾತು ಮರೆಯಬೇಡಿ. ಹಳೆ ಆಟಿಕೆಯ ಬಣ್ಣದಲ್ಲಿ ಸೀಸ ಇರಬಹುದು. ಅದು ಕಪಾಟಿನಲ್ಲೇ ಇರಲಿ, ಪುಟ್ಟ ಮಕ್ಕಳ ಬಾಯಿಗೆ ಸಿಗಬಾರದು.

ಕಿಟ್ ಜೋಡಿಸುವಾಗ

ಮೊದಲು ತುಂಡುಗಳನ್ನು ಅವು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನ ಸಮೇತ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನ ಎಣ್ಣೆ ಹೋಗದಿದ್ದರೆ ಬಣ್ಣ ಹಿಡಿಯುವುದಿಲ್ಲ. ತುಂಡನ್ನು ಕೈಯಿಂದ ಮುರಿಯಬೇಡಿ, ಚೂಪಾದ ನಿಪ್ಪರ್‌ನಿಂದ ಕತ್ತರಿಸಿ. ಉಳಿದ ಗಂಟನ್ನು 400, ನಂತರ 800 ನಂಬರಿನ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ. ಮಾಡೆಲ್ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ವಾಸನೆ ಗಾಢ, ಕಿಟಕಿ ತೆರೆದಿರಲಿ. ನೌಕೆಯ ಪಾರದರ್ಶಕ ಕಿಟಕಿಗಳಿಗೆ ಫೆವಿಕ್ವಿಕ್ ಹಚ್ಚಬೇಡಿ, ಅದರ ಆವಿಗೆ ಪ್ಲಾಸ್ಟಿಕ್ ಬೆಳ್ಳಗೆ ಮಂಜಾಗುತ್ತದೆ. ಬಿಳಿ ಫೆವಿಕಾಲ್ ಒಂದು ಹನಿ ಸಾಕು, ಒಣಗಿದ ಮೇಲೆ ಕಾಣುವುದೇ ಇಲ್ಲ.

ಸ್ಪ್ರೇ ಬಣ್ಣ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ತೇವದ ಗಾಳಿಯಲ್ಲಿ ಬಣ್ಣದ ಮೇಲೆ ಬೂದಿ ಬಿದ್ದಂತಾಗುತ್ತದೆ. ಮಳೆಗಾಲದಲ್ಲಿ ಅಂಟಿಸಿ, ದೀಪಾವಳಿ ಕಳೆದ ಮೇಲೆ ಬಣ್ಣ ಹಚ್ಚಿ.

ಮಳೆಗಾಲ ದಾಟಿಸುವುದು

ಮುಂಬಯಿಯಲ್ಲಿ ಸಂಗ್ರಹದ ದೊಡ್ಡ ಶತ್ರು ತೇವ. ತಗಡಿಗೆ ತುಕ್ಕು, ಡಬ್ಬಕ್ಕೆ ಬೂಷ್ಟು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ತೇವ ಒಳಗೇ ಉಳಿಯುತ್ತದೆ. ಕಪಾಟಿನಲ್ಲೇ ಇಡಿ, ಪ್ರತಿ ಹಲಗೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಹೊಸ ಚಪ್ಪಲಿ ಡಬ್ಬದಲ್ಲಿ ಸಿಗುವ ಪೊಟ್ಟಣವನ್ನೂ ಎಸೆಯಬೇಡಿ. ಕಪಾಟು ಹೊರಗೋಡೆಗೆ ತಾಗಬಾರದು, ನಾಲ್ಕು ಬೆರಳು ಜಾಗ ಬಿಡಿ. ನೇರ ಬಿಸಿಲೂ ಬೇಡ, ಬಿಳಿ ಪ್ಲಾಸ್ಟಿಕ್ ಹಳದಿಯಾಗುತ್ತದೆ. ಮೆದು ರಬ್ಬರಿನಂಥ ಟೈರುಗಳು ಗಟ್ಟಿ ಪ್ಲಾಸ್ಟಿಕ್ಕಿಗೆ ತಾಗಿದಲ್ಲಿ ಅದನ್ನು ಕರಗಿಸುವುದುಂಟು. ನಡುವೆ ಬೆಣ್ಣೆಕಾಗದದ ತುಂಡಿಡಿ.

ಎಲ್ಲಕ್ಕಿಂತ ಮುಖ್ಯ, ಆಟಿಕೆಯ ಸೆಲ್ ತೆಗೆದಿಡಿ. ನನ್ನ ಅಕ್ಕನ ಮಗನಿಗೆ ಇಷ್ಟವಾಗಿದ್ದ, ದೀಪ ಮಿನುಗುವ ರಾಕೆಟ್ ಒಂದಿತ್ತು. ಒಂದು ಮಳೆಗಾಲ ಸೆಲ್ ಒಳಗೇ ಬಿಟ್ಟೆ. ಗಣೇಶ ಹಬ್ಬಕ್ಕೆ ಬಂದ ಹುಡುಗ ಸ್ವಿಚ್ ಒತ್ತಿದ. ‘ಮಾವ, ಇದು ಸತ್ತೋಗಿದೆ’ ಎಂದ. ಸೆಲ್ ಸೋರಿ ಒಳಗೆಲ್ಲ ಬಿಳಿ ಹರಳು. ಆಲ್ಕಲೈನ್ ಸೆಲ್ ಆದರೆ ಕೈಗವಸು ಹಾಕಿ, ಬಡ್ಸ್‌ನ ತುದಿಗೆ ವಿನೆಗರ್ ಅಥವಾ ನಿಂಬೆರಸ ಹಚ್ಚಿ ಒರೆಸಿದರೆ ಹರಳು ಕರಗುತ್ತದೆ. ನಂತರ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ನಮ್ಮ ರಾಕೆಟ್ಟಿನ ತಂತಿಯೇ ತಿಂದುಹೋಗಿತ್ತು. ಅದರ ದೀಪ ಮತ್ತೆ ಉರಿಯಲಿಲ್ಲ. ಈಗಲೂ ಅದು ನನ್ನ ಕಪಾಟಿನಲ್ಲೇ ಇದೆ.

ಒಂದು ನೋಟ್‌ಬುಕ್

ಪ್ರತಿ ವಸ್ತುವಿಗೆ ಒಂದು ಪುಟ ಕೊಡಿ. ಎಲ್ಲಿ ಸಿಕ್ಕಿತು, ಎಷ್ಟು ಕೊಟ್ಟಿರಿ, ಯಾವ ತುಂಡು ಇಲ್ಲ, ಯಾವುದನ್ನು ನೀವು ರಿಪೇರಿ ಮಾಡಿದಿರಿ, ಎಲ್ಲ ಬರೆಯಿರಿ. ಬಿಲ್ಲು ಅಲ್ಲೇ ಅಂಟಿಸಿ. ಮುಂದೆ ಮಾರುವಾಗಲೂ ಕೊಡುವಾಗಲೂ ಇದು ಬೇಕು. ಕಪಾಟಿನಲ್ಲಿ ಇಡುವ ಚೀಟಿ ಬರೆಯುವ ಮೊದಲು ವಿಷಯ ಖಾತ್ರಿ ಮಾಡಿಕೊಳ್ಳಿ. ಅನುಮಾನ ಬಂದರೆ ವರ್ಲಿಯ ನೆಹರೂ ತಾರಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಒಂದು ಭಾನುವಾರ ಹೋಗಿ ಬನ್ನಿ, ಹತ್ತಿರದಲ್ಲೇ ನೆಹರೂ ವಿಜ್ಞಾನ ಕೇಂದ್ರವೂ ಇದೆ.

ಬಾಹ್ಯಾಕಾಶಕ್ಕೆ ಹೋಗಿಬಂದ ರಾಕೇಶ್ ಶರ್ಮಾ ಅವರ ಸೋಯುಜ್ ನೌಕೆಯ ಮಾಡೆಲ್‌ಗೆ ನಾನು ಮೊದಲು ಬರೆದ ಚೀಟಿ ಅರ್ಧ ಮಾತ್ರ ಸರಿಯಿತ್ತು. 1984ರ ಏಪ್ರಿಲ್ 3ರಂದು ಅವರು ಹೋದದ್ದು ಸೋಯುಜ್ ಟಿ-11ರಲ್ಲಿ, ಮರಳಿದ್ದು ಟಿ-10ರಲ್ಲಿ. ನೋಡಲು ಎರಡೂ ಒಂದೇ. ಆ ಚೀಟಿ ತೆಗೆದು ಅಕ್ಕನ ಮಗನ ಕೈಯಲ್ಲೇ ಹೊಸದು ಬರೆಸಿದೆ. ‘ಹೋಗಿದ್ದು 11, ಬಂದಿದ್ದು 10’ ಎಂದು ನೀಲಿ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದಾನೆ.